ಏನೂ ಮಾಡದ ಮೇಷ್ಟರ ಸಾಧನೆಗಳು

ಆ ಬಿಸಿನೆಸ್ ಸ್ಕೂಲಿನ ಹಿರಿಯ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಎಲ್ಲರ ಬಾಯಲ್ಲೂ ಅವರು ರುಜುರಾಯರು. ಒಂದು ಸೀಮೆಸುಣ್ಣದ ಪೆಟ್ಟಿಗೆ ಕೊಟ್ಟರೂ ರುಜು, ಅದರ ಮುಚ್ಚಳ ವಾಪಸು ಬಂದರೂ ರುಜು. ಅತ್ತೆಯ ಮನೆಯಿಂದ ಎರವಲು ತಂದ ಛತ್ರಿಯನ್ನು ಹಿಂದಿರುಗಿಸುವಾಗಲೂ ‘ಸುಸ್ಥಿತಿಯಲ್ಲಿ ತಲುಪಿದೆ’ ಎಂದು ಬರೆದು ಅತ್ತೆಯ ರುಜು ಪಡೆದಿದ್ದರು. ಅತ್ತೆ ಅಂದಿನಿಂದ ಅಳಿಯನಿಗೆ ಏನನ್ನೂ ಎರವಲು ಕೊಟ್ಟಿಲ್ಲ.

ಇಂಥವರನ್ನು ಒಂದು ಸೋಮವಾರ ಡೈರೆಕ್ಟರ್ ಮೇಡಂ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಮೂರು ಕಾಗದದ ಕಟ್ಟುಗಳಿದ್ದವು. ಆ ವರ್ಷ ಮೂವರು ಪ್ರೊಫೆಸರುಗಳು ನಿವೃತ್ತರಾಗುತ್ತಿದ್ದರು. ಮುಂದಿನ ವಾರ ಶುಕ್ರವಾರ ಮಧ್ಯಾಹ್ನ ಅವರಿಗೆ ಸನ್ಮಾನ. ಜೊತೆಗೆ ಆ ವರ್ಷದ ಶ್ರೇಷ್ಠ ಸಂಶೋಧನೆಗೆ ಬಹುಮಾನ. ಸಾಧನೆಗಳನ್ನು ಬರೆದುಕೊಡಿ ಎಂದು ಮೂವರಿಗೂ ನಮೂನೆ ಕಳಿಸಿದ್ದರು.

“ಹಣಕಾಸಿನ ಪ್ರೊಫೆಸರು ಹದಿನಾಲ್ಕು ಪುಟ ಕೊಟ್ಟಿದ್ದಾರೆ,” ಎಂದರು ಮೇಡಂ. “ಆಡಳಿತಶಾಸ್ತ್ರದವರು ಇಪ್ಪತ್ತೆರಡು ಪುಟ, ಫೋಟೋ ಬೇರೆ. ಇನ್ನು ಮಾರ್ಕೆಟಿಂಗ್ ಮೇಷ್ಟ್ರು. ನೋಡಿ ಇದನ್ನ.”

ರುಜುರಾಯರು ನೋಡಿದರು. ‘ಸಾಧನೆಗಳು’ ಎಂಬ ಮುದ್ರಿತ ಅಕ್ಷರದ ಎದುರು ನೀಲಿ ಶಾಯಿಯಲ್ಲಿ, ದುಂಡಗೆ, ‘ಏನೂ ಇಲ್ಲ’ ಎಂದಿತ್ತು.

“ಮೂವತ್ತೊಂದು ವರ್ಷ ಪ್ರಚಾರ ಹೇಗೆ ಮಾಡ್ಕೋಬೇಕು ಅಂತ ಪಾಠ ಹೇಳಿದವರು, ರಾಯರೇ, ಇವರು,” ಎಂದರು ಮೇಡಂ. “ಏನೂ ಇಲ್ಲ ಅಂದ್ರೆ ವೇದಿಕೆ ಮೇಲೆ ನಾನೇನು ಓದಲಿ? ನೀವು ಹೋಗಿ ನಾಲ್ಕು ಜನರನ್ನ ಕೇಳಿ. ಏನಾದ್ರೂ ಸಿಕ್ಕೇ ಸಿಗುತ್ತೆ. ಆದರೆ ಮೇಷ್ಟ್ರಿಗೆ ಗೊತ್ತಾಗಬಾರದು. ಗೊತ್ತಾದ್ರೆ ಎಲ್ಲರ ಬಾಯಿ ಮುಚ್ಚಿಸಿಬಿಡ್ತಾರೆ. ನಿಮ್ಮನ್ನ ಈ ಕೆಲಸಕ್ಕೆ ವಿಶೇಷ ಅಧಿಕಾರಿ ಅಂತ ನೇಮಿಸಿದ್ದೀನಿ ಅಂದ್ಕೊಳ್ಳಿ.”

‘ಅಂದ್ಕೊಳ್ಳಿ’ ಎಂಬ ಕೊನೆಯ ಪದ ರುಜುರಾಯರ ಕಿವಿಯ ತನಕ ಬಂದು ಒಳಗೆ ಹೋಗದೆ ಹಿಂದಿರುಗಿತು. ‘ವಿಶೇಷ ಅಧಿಕಾರಿ’ ಮಾತ್ರ ಒಳಗೆ ಹೋಗಿ ಕುರ್ಚಿ ಹಾಕಿಕೊಂಡು ಕೂತಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರನ್ನು ಯಾರೂ ಅಧಿಕಾರಿ ಎಂದಿರಲಿಲ್ಲ. ಅರ್ಧ ಗಂಟೆಯಲ್ಲಿ ಅವರ ಜೇಬಿನ ಮೇಲೆ ಒಂದು ಬಿಲ್ಲೆ ನೇತಾಡುತ್ತಿತ್ತು. ‘ವಿಶೇಷ ಅಧಿಕಾರಿ, ಅಭಿನಂದನೆ’ ಎಂದು ಬರೆಯಬೇಕೆಂದೇ ಹೊರಟಿದ್ದರು. ಆದರೆ ಮೊದಲ ಎರಡು ಪದಗಳನ್ನು ಅವುಗಳ ಘನತೆಗೆ ತಕ್ಕಷ್ಟು ದೊಡ್ಡದಾಗಿ ಬರೆಯುವಷ್ಟರಲ್ಲಿ ಬಿಲ್ಲೆಯಲ್ಲಿ ಜಾಗ ಮುಗಿದಿತ್ತು. ಅಭಿನಂದನೆ ಹೊರಗೇ ಉಳಿಯಿತು.

ಮೊದಲು ಹೋದದ್ದು ಕ್ಯಾಂಟೀನಿಗೆ. ಅದನ್ನು ನಡೆಸುತ್ತಿದ್ದ ಅಕ್ಕ ಲೋಟ ಒರೆಸುತ್ತಿದ್ದಳು. ರುಜುರಾಯರು ಸುತ್ತ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿದರು.

“ಅಕ್ಕಾ, ಈ ಮಾತು ಹೊರಗೆ ಹೋಗಬಾರದು. ಮಾರ್ಕೆಟಿಂಗ್ ಮೇಷ್ಟ್ರ ವಿಷಯ. ಅವರು ಇಲ್ಲಿ ಏನೇನು ಮಾಡಿದ್ದಾರೆ ಅಂತ ಮೇಲಿನವರಿಗೆ ತಿಳೀಬೇಕಾಗಿದೆ.”

ಅಕ್ಕ ಬಿಲ್ಲೆಯನ್ನು ನೋಡಿದಳು. ಕೈಯಲ್ಲಿದ್ದ ಲೋಟ ನಿಂತಿತು.

“ಏನು ಮಾಡಿದ್ದಾರೆ ಅಂದ್ರೆ?”

“ಪಾಠ ಬಿಟ್ಟು ಬೇರೆ. ಯಾರಿಗೂ ಗೊತ್ತಾಗದ ಹಾಗೆ ಮಾಡಿರೋದು.”

“ಅವರು ಏನೂ ಮಾಡಿಲ್ಲಪ್ಪ,” ಎಂದಳು ಅಕ್ಕ, ಉಸಿರು ತೆಗೆದುಕೊಳ್ಳದೆ. “ಆ ಚಹಾದ ಪಾತ್ರೆಯನ್ನ ಹಿಂದುಗಡೆಯಿಂದ ತಂದು ಕಿಟಕಿ ಹತ್ತಿರ ಇಡು, ಆವಿ ಹೊರಗೆ ಹೋಗಲಿ ಅಂತ ಅವರು ಹೇಳೇ ಇಲ್ಲ. ನಾನೇ ಇಟ್ಟಿದ್ದು.”

ಚಹಾದ ಪಾತ್ರೆಯ ವಿಷಯ ತಾವು ಕೇಳಿಯೇ ಇರಲಿಲ್ಲವಲ್ಲ ಎಂದು ರುಜುರಾಯರಿಗೆ ಆಶ್ಚರ್ಯವಾಯಿತು. ಆದರೂ ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡರು. ಬರೆದದ್ದನ್ನು ತಿರುಗಿಸಿ ಅವಳ ಮುಂದೆ ಇಟ್ಟರು.

“ಇಲ್ಲೊಂದು ರುಜು ಹಾಕಿಬಿಡಿ.”

ಅಕ್ಕನ ಮುಖ ಬಿಳುಚಿಕೊಂಡಿತು. ರುಜು ಹಾಕಿದಳು. ಅವರು ಮೆಟ್ಟಿಲಿಳಿಯುವುದೇ ತಡ, ಚಹಾದ ಪಾತ್ರೆಯನ್ನು ಕಿಟಕಿಯಿಂದ ಎತ್ತಿ ಹಿಂದಿನ ಮೂಲೆಗೆ ಸಾಗಿಸಿದಳು.

ಮಹಡಿಯ ಮೇಲೆ ಯುವ ಉಪನ್ಯಾಸಕಿಯೊಬ್ಬಳ ಕೋಣೆಯಿತ್ತು. ಶ್ರೇಷ್ಠ ಸಂಶೋಧನೆಯ ಬಹುಮಾನ ಈ ಸಲ ಅವಳಿಗೇ. ರುಜುರಾಯರು ಬಾಗಿಲನ್ನು ಮೆಲ್ಲಗೆ ಹಾಕಿ, “ಮೇಷ್ಟ್ರ ಬಗ್ಗೆ ಒಂದೆರಡು ಪ್ರಶ್ನೆ,” ಎಂದರು.

“ನನ್ನ ಪ್ರಬಂಧದ ಮೂರನೇ ಅಧ್ಯಾಯವನ್ನ ಅವರು ಮುಟ್ಟಿಲ್ಲ,” ಎಂದಳು ಅವಳು.

“ಮೂರನೇ ಅಧ್ಯಾಯದ ಸುದ್ದಿ ನಾನು ಎತ್ತಲೇ ಇಲ್ಲವಲ್ಲ ಮೇಡಂ.”

“ನೀವು ಎತ್ತೋಕೆ ಮೊದಲೇ ಹೇಳಿಬಿಡ್ತೀನಿ. ಎರಡನೇದನ್ನೂ ಮುಟ್ಟಿಲ್ಲ. ಆದರೆ ಮೂರನೇದನ್ನ ಅಂತೂ ಮುಟ್ಟೇ ಇಲ್ಲ. ಎಲ್ಲಿ ರುಜು ಹಾಕಬೇಕು?”

ಜೀವನದಲ್ಲಿ ಮೊದಲ ಸಲ ಒಬ್ಬರು ತಾವಾಗಿ ರುಜು ಹಾಕಲು ಮುಂದೆ ಬಂದಿದ್ದರು. ರುಜುರಾಯರಿಗೆ ಸಂತೋಷವಾಯಿತು. ಆ ಸಂತೋಷದಲ್ಲಿ, ಅವಳು ಪ್ರಬಂಧವನ್ನು ಮೇಜಿನ ಖಾನೆಗೆ ತಳ್ಳಿ ಬೀಗ ಹಾಕಿದ್ದು ಕಾಣಲಿಲ್ಲ.

ಮೂರು ದಿನ ಹೀಗೆಯೇ ನಡೆಯಿತು. ಲೈಬ್ರರಿಯವರು, ತೋಟದವರು, ಹಳೆಯ ವಿದ್ಯಾರ್ಥಿಯೊಬ್ಬ. ಎಲ್ಲರೂ ಬಿಲ್ಲೆ ನೋಡುತ್ತಿದ್ದರು, ಬಾಗಿಲು ನೋಡುತ್ತಿದ್ದರು, ಕೇಳದೆ ಇದ್ದದ್ದನ್ನು ಇಲ್ಲ ಎನ್ನುತ್ತಿದ್ದರು. ರುಜುರಾಯರ ತಲೆಗೆ ಹುಳ ಹೊಕ್ಕಿತು. ಏನೂ ಮಾಡದ ಮನುಷ್ಯ ಇಷ್ಟೊಂದು ಬಗೆಯಲ್ಲಿ ಏನೂ ಮಾಡದೆ ಇರಲು ಹೇಗೆ ಸಾಧ್ಯ?

ಶನಿವಾರ ಮೇಷ್ಟರ ಬೀದಿಗೇ ಹೋದರು. ಮೇಷ್ಟರ ಎದುರು ಮನೆಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರರೊಬ್ಬರಿದ್ದರು. ಅವರು ಬಿಲ್ಲೆಗೆ ಹೆದರುವವರಲ್ಲ. ಬಿಲ್ಲೆಗಾಗಿ ಮೂವತ್ತು ವರ್ಷದಿಂದ ಕಾದು ಕುಳಿತವರು. ಒಳಗೆ ಕರೆದು, ಪರದೆ ಸರಿಸಿ, ಕಿಟಕಿಯ ಪಕ್ಕದ ಕುರ್ಚಿ ತೋರಿಸಿದರು.

“ಇಲ್ಲಿಂದ ಎಲ್ಲಾ ಕಾಣುತ್ತೆ. ಭಾನುವಾರ ಸಂಜೆ ಒಬ್ಬೊಬ್ಬರಾಗಿ ಬರ್ತಾರೆ. ಕೈಯಲ್ಲಿ ಗಂಟು. ಒಳಗೆ ಹೋಗ್ತಾರೆ, ಒಂದು ಗಂಟೆ ಬಿಟ್ಟು ನಗ್ತಾ ಹೊರಗೆ ಬರ್ತಾರೆ. ಒಬ್ಬ ಹನ್ನೆರಡು ಮುರಿದ ಛತ್ರಿ ತಂದಿದ್ದ. ಇನ್ನೊಬ್ಬ ಒಂದು ಚಪ್ಪಲಿ ತಂದ. ಒಂದೇ. ಎಡಗಾಲಿಂದು.”

“ಬಲಗಾಲಿಂದು?”

“ಅದೇ ನನ್ನ ಪ್ರಶ್ನೆ. ಎರಡು ವರ್ಷ ಆಯ್ತು, ಬಲಗಾಲಿಂದು ಎಲ್ಲಿ ಅಂತ ಯೋಚನೆ ಮಾಡ್ತಾನೇ ಇದ್ದೀನಿ.”

ಆ ಎಡಗಾಲಿನ ಚಪ್ಪಲಿ ರುಜುರಾಯರ ನೆಮ್ಮದಿಯನ್ನು ಮೆಟ್ಟಿ ನಿಂತಿತು. ಮಾರುಕಟ್ಟೆ ಬೀದಿಯಲ್ಲೆಲ್ಲ ಹುಡುಕಿ, ಕೊನೆಗೆ ಚಪ್ಪಲಿ ಹೊಲಿಯುವವನ ಅಂಗಡಿ ಕಂಡುಹಿಡಿದರು.

“ನಾನು ಯಾರಿಗೂ ಎಡಗಾಲಿನ ಚಪ್ಪಲಿ ತೋರಿಸಿಲ್ಲ ಸ್ವಾಮಿ,” ಎಂದ ಅವನು. “ಮೇಷ್ಟ್ರು ಅಂದ್ರೆ ಯಾರು ಅಂತಲೂ ಗೊತ್ತಿಲ್ಲ. ಒಳ್ಳೆ ಮನುಷ್ಯರು, ಅವರ ತಂಟೆಗೆ ಹೋಗಬೇಡಿ.” ರುಜು ಹಾಕಿದ. ಪಕ್ಕದ ದರ್ಜಿಯೂ ಹಾಕಿದ, ಛತ್ರಿ ರಿಪೇರಿಯವನೂ ಹಾಕಿದ. ಅಲ್ಲಿಗೆ ಹನ್ನೊಂದು ಕಾಗದಗಳಾದವು. ಹನ್ನೊಂದರಲ್ಲೂ ಇಲ್ಲ, ಇಲ್ಲ, ಇಲ್ಲ.

ಮನೆಯಲ್ಲಿ ಹೆಂಡತಿ ಚಹಾ ತಂದಿಟ್ಟಳು. ಸಕ್ಕರೆ ಇರಲಿಲ್ಲ.

“ಪಕ್ಕದ ಮನೆಯವರು ನನ್ನನ್ನ ಕಂಡರೆ ಮುಖ ತಿರುಗಿಸ್ತಿದ್ದಾರೆ,” ಎಂದಳು. “ನನ್ನ ತಂಗಿ ಫೋನು ಎತ್ತುತ್ತಿಲ್ಲ. ನೀವು ಕಾಲೇಜಲ್ಲಿ ಏನು ಕೆಲಸ ಹಚ್ಕೊಂಡಿದ್ದೀರಿ?”

“ರಹಸ್ಯ.”

“ನನಗೂ?”

“ನಿನಗೂ. ಆದರೆ ಶುಕ್ರವಾರ ಆದಮೇಲೆ ನೀನೇ ಹೆಮ್ಮೆ ಪಡ್ತೀಯ.”

“ಒಬ್ಬರ ಮನೆ ಹಾಳು ಮಾಡಿ ಹೆಮ್ಮೆ ಪಡೋ ಜಾತಿಯವಳಲ್ಲ ನಾನು,” ಎಂದು ಅವಳು ಅಡುಗೆಮನೆಗೆ ಹೋದಳು. ಸಕ್ಕರೆ ಮುಗಿದಿರುವ ಸಿಟ್ಟು ಇರಬೇಕೆಂದು ರುಜುರಾಯರು ತೀರ್ಮಾನಿಸಿದರು.

ಬುಧವಾರ ಮಧ್ಯಾಹ್ನ ಕಚೇರಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿಗೆ ಮೇಷ್ಟರೇ ಬಂದರು. ಸಣಕಲು ಆಳು, ಕೊಂಚ ಬಾಗಿದ ಬೆನ್ನು, ಜೇಬಿನಲ್ಲಿ ಸದಾ ಒಂದು ಪುಟ್ಟ ಪುಸ್ತಕ. ಎದುರಿನ ಕುರ್ಚಿಯಲ್ಲಿ ಕೂತರು. ಕೋಪವಿರಲಿಲ್ಲ. ಬಿಡಿಸಲಾರದ ಒಗಟು ಸಿಕ್ಕವರ ಹಾಗೆ ಕಣ್ಣು ಕಿರಿದಾಗಿತ್ತು.

“ರಾಯರೇ, ನನ್ನ ಬಗ್ಗೆ ಎಲ್ಲರನ್ನೂ ಕೇಳ್ತಿದ್ದೀರಂತೆ.”

ರುಜುರಾಯರು ಎದ್ದು ನಿಂತರು, ಕಾಗದಗಳ ಮೇಲೆ ಎರಡೂ ಕೈ ಇಟ್ಟರು. “ಅದರ ಬಗ್ಗೆ ನಾನು ಮಾತಾಡೋ ಹಾಗಿಲ್ಲ ಸಾರ್.”

“ಸರಿ, ನಿಮ್ಮ ಕೆಲಸ ನೀವು ಮಾಡಿ. ನನಗೆ ತಿಳ್ಕೊಳ್ಳೋ ಕುತೂಹಲ ಅಷ್ಟೆ. ನಾಲ್ಕು ದಿನದಿಂದ ಕೂತು ಯೋಚನೆ ಮಾಡಿದೆ. ಒಂದು ಸಲ ಲೈಬ್ರರಿ ಪುಸ್ತಕ ಆರು ತಿಂಗಳು ಇಟ್ಕೊಂಡಿದ್ದೆ. ಅದಾ?”

“ಹೇಳೋ ಹಾಗಿಲ್ಲ ಸಾರ್.”

“ಎಷ್ಟು ಜನ ಬರೆದುಕೊಟ್ಟಿದ್ದಾರೆ?”

ಎಣಿಕೆ ಹೇಳುವುದರಿಂದ ಗುಟ್ಟು ಬಯಲಾಗದು ಎನಿಸಿತು. “ಹನ್ನೊಂದು. ರುಜು ಸಮೇತ.”

ಮೇಷ್ಟರು ಹನ್ನೊಂದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. “ಯಾವಾಗ ತಿಳಿಯುತ್ತೆ?”

“ಶುಕ್ರವಾರ ಸಾರ್. ಸಭಾಂಗಣದಲ್ಲಿ ಎಲ್ಲರ ಎದುರಿಗೆ ಓದ್ತೀವಿ. ದಯವಿಟ್ಟು ಮನೆಯವರನ್ನೂ ಕರ್ಕೊಂಡು ಬನ್ನಿ,” ಎಂದರು ರುಜುರಾಯರು, ತುಂಬು ಪ್ರೀತಿಯಿಂದ.

ಮೇಷ್ಟರು ಎದ್ದರು. ಬಾಗಿಲಿನಲ್ಲಿ ತಿರುಗಿ, “ಮನೆಯವರೂ ಇರಲೇಬೇಕಾ?” ಎಂದು ಕೇಳಿದರು. ಇರಲೇಬೇಕು, ಮುಂದಿನ ಸಾಲಿನಲ್ಲೇ ಜಾಗ ಇಟ್ಟಿದ್ದೇವೆ ಎಂದು ರುಜುರಾಯರು ಭರವಸೆ ಕೊಟ್ಟರು. ಆಮೇಲೆ ಮೇಷ್ಟರು ತಮ್ಮ ಕೋಣೆಗೆ ಹೋಗಿ ಗೋಡೆಯ ಮೇಲಿದ್ದ ಹಳೆಯ ವಿದ್ಯಾರ್ಥಿಗಳ ಫೋಟೋಗಳನ್ನು ಒಂದೊಂದಾಗಿ ಇಳಿಸಿದರಂತೆ. ಅದನ್ನು ನೋಡಿದ ತೋಟದವರು ಕ್ಯಾಂಟೀನ್ ಅಕ್ಕನಿಗೆ ಹೇಳಿದರು, ಅಕ್ಕ ಮಾರುಕಟ್ಟೆ ಬೀದಿಗೆ ಹೇಳಿದಳು.

ಗುರುವಾರ ಮೇಡಂ ಹೂಗುಚ್ಛ, ಮೈಕು, ಕುರ್ಚಿಗಳ ನಡುವೆ ಮುಳುಗಿಹೋಗಿದ್ದರು. “ಮೇಷ್ಟ್ರದು ಸಿದ್ಧ ಇದೆಯಾ ರಾಯರೇ?”

“ಹನ್ನೊಂದು ಹೇಳಿಕೆ ಇದೆ ಮೇಡಂ. ಆದರೆ ಅದರಲ್ಲಿ…”

“ಹನ್ನೊಂದಾ? ಭೇಷ್. ನೀವೇ ಓದಿಬಿಡಿ.” ಮೇಡಂ ಮೈಕಿನವನ ಹಿಂದೆ ಹೊರಟುಹೋದರು.

ಶುಕ್ರವಾರ ಸಭಾಂಗಣಕ್ಕೆ ಕಾಲಿಟ್ಟಾಗ ಮೇಡಂಗೆ ಅಚ್ಚರಿ ಕಾದಿತ್ತು. ಸನ್ಮಾನಕ್ಕೆ ಸಾಮಾನ್ಯವಾಗಿ ಸನ್ಮಾನಿತರ ಸಂಬಂಧಿಕರು, ತಿಂಡಿ ಪೊಟ್ಟಣಕ್ಕೆ ಬಂದವರು, ಇಷ್ಟೇ ಜನ. ಇಂದು ಮೊದಲ ನಾಲ್ಕು ಸಾಲು ಭರ್ತಿ. ಚಪ್ಪಲಿಯವನು, ದರ್ಜಿ, ಛತ್ರಿಯವನು, ಬೀಗದ ಕೈ ಮಾಡುವವನು, ಇನ್ನೂ ಯಾರ್ಯಾರೋ. ಎಲ್ಲರೂ ಕೈಕಟ್ಟಿ, ಹುಬ್ಬು ಗಂಟಿಕ್ಕಿ ಕೂತಿದ್ದರು. ಪೋಸ್ಟ್‌ಮಾಸ್ಟರರು ವೇದಿಕೆ ಚೆನ್ನಾಗಿ ಕಾಣಲೆಂದು ತಮ್ಮ ಕುರ್ಚಿಯನ್ನು ಓರೆ ಮಾಡಿಕೊಂಡಿದ್ದರು. ಮೇಷ್ಟರ ಹೆಂಡತಿಯ ಪಕ್ಕದಲ್ಲಿ ಆಕೆಯ ತಮ್ಮ, ವಕೀಲ, ಕರಿ ಕೋಟಿನಲ್ಲಿ, ತೊಡೆಯ ಮೇಲೆ ನಾಲ್ಕು ದಪ್ಪ ಪುಸ್ತಕಗಳನ್ನಿಟ್ಟುಕೊಂಡು ಕೂತಿದ್ದ.

“ಎಷ್ಟು ಒಳ್ಳೆ ಸಮಾಗಮ,” ಎಂದರು ಮೇಡಂ.

ಹಣಕಾಸಿನ ಹದಿನಾಲ್ಕು ಪುಟ ಮುಗಿಯಿತು. ಆಡಳಿತಶಾಸ್ತ್ರದ ಇಪ್ಪತ್ತೆರಡೂ ಮುಗಿಯಿತು. ಆ ಪ್ರೊಫೆಸರು ತಮ್ಮ ಸಾಧನೆಗಳನ್ನು ಕೇಳುತ್ತ ಹನ್ನೆರಡನೇ ಪುಟದಲ್ಲಿ ತಾವೇ ತೂಕಡಿಸಿದರು. ಆಮೇಲೆ ರುಜುರಾಯರು ಮೈಕಿನ ಮುಂದೆ ಬಂದರು.

ರುಜುರಾಯರಿಗೆ ಸುಳ್ಳು ಬರೆಯಲು ಬರುತ್ತಿರಲಿಲ್ಲ. ಅದೊಂದು ಗುಣವೋ ಕೊರತೆಯೋ ಅವರಿಗೇ ಗೊತ್ತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಓದಿದರು.

“ಕ್ಯಾಂಟೀನಿನ ಅಕ್ಕನವರ ಹೇಳಿಕೆ. ಚಹಾದ ಪಾತ್ರೆಯನ್ನು ಕಿಟಕಿಯ ಬಳಿ ಇಡುವಂತೆ ಇವರು ಹೇಳಿಲ್ಲ. ಎರಡನೆಯದು. ಪ್ರಬಂಧದ ಮೂರನೇ ಅಧ್ಯಾಯವನ್ನು ಇವರು ಮುಟ್ಟಿಲ್ಲ. ಮೂರನೆಯದು. ಎಡಗಾಲಿನ ಚಪ್ಪಲಿಗೂ ಇವರಿಗೂ ಯಾವುದೇ ಸಂಬಂಧವಿಲ್ಲ.”

ಮೇಡಂ ಹೂಗುಚ್ಛ ಹಿಡಿದ ಹಾಗೆಯೇ ಕಲ್ಲಾದರು. ಅಷ್ಟರಲ್ಲಿ ವಕೀಲ ಎದ್ದ.

“ನನ್ನ ಆಕ್ಷೇಪಣೆ ಇದೆ. ನಮ್ಮ ಭಾವನಿಗೆ ನೋಟಿಸು ಕೊಡದೆ, ಉತ್ತರಕ್ಕೆ ಅವಕಾಶ ಕೊಡದೆ, ಹೀಗೆ ಬಹಿರಂಗವಾಗಿ ಶಿಕ್ಷೆ ಕೊಡೋಕೆ ಯಾವ ನಿಯಮದಲ್ಲಿ ಅವಕಾಶ ಇದೆ?”

“ಯಾವ ಶಿಕ್ಷೆ?” ಎಂದರು ಮೇಡಂ. “ನಾವು ಸನ್ಮಾನ ಮಾಡ್ತಾ ಇದ್ದೀವಿ.”

“ಹಾಗಾದರೆ ಈ ವಿಶೇಷ ಅಧಿಕಾರಿ?”

“ಸನ್ಮಾನದ ವಿಶೇಷ ಅಧಿಕಾರಿ,” ಎಂದರು ರುಜುರಾಯರು. ಹೇಳುತ್ತ ಹೇಳುತ್ತ ಬಿಲ್ಲೆಯ ಕಡೆ ನೋಡಿಕೊಂಡರು. ಹತ್ತು ದಿನದಿಂದ ಜಗತ್ತಿಗೆ ಕಾಣುತ್ತಿದ್ದದ್ದು ಅವರಿಗೆ ಆಗ ಕಂಡಿತು. ಬಿಲ್ಲೆಯಲ್ಲಿ ಅಭಿನಂದನೆ ಇರಲೇ ಇಲ್ಲ.

ನಾಲ್ಕನೇ ಸಾಲಿನಿಂದ ಚಪ್ಪಲಿಯವನು ಕೇಳಿದ: “ಅಂದ್ರೆ ಇದು ವಿಚಾರಣೆ ಅಲ್ವಾ?”

“ಅಲ್ಲ.”

“ಹಂಗಾದ್ರೆ ನನ್ನ ಕಾಗದ ವಾಪಸ್ ಕೊಡಿ. ನಾನು ಹೇಳಿದ್ದು ಸುಳ್ಳು.”

ಅವನು ಸೀದಾ ವೇದಿಕೆ ಹತ್ತಿದ. “ಚಪ್ಪಲಿ ಎಲ್ಲಾ ಜೋಡಿ ಕಟ್ಟಿ ಮೇಲೆ ನೇತು ಹಾಕ್ತಿದ್ದೆ. ಯಾರೂ ತಲೆ ಎತ್ತಿ ನೋಡ್ತಿರಲಿಲ್ಲ. ಮೇಷ್ಟ್ರು ಮೂರು ಭಾನುವಾರ ಎದುರಿನ ಕಟ್ಟೆ ಮೇಲೆ ಕೂತು ನೋಡಿದ್ರು. ಆಮೇಲೆ, ಅಂಗಡಿ ಮುಂದೆ ನೆಲದ ಮೇಲೆ ಒಂದೇ ಒಂದು ಎಡಗಾಲಿಂದು ಇಡು ಅಂದ್ರು. ಯಾವುದು ಇಡಲಿ ಅಂತ ಅವರ ಮನೆಗೇ ಒಂದನ್ನ ತಗೊಂಡು ಹೋಗಿ ತೋರಿಸಿದ್ದೆ. ಹೋಗೋರು ಸುಮ್ಮನೆ ಕಾಲು ತೂರಿಸಿ ನೋಡ್ತಾರೆ. ಸರಿ ಹೊಂದಿದ್ರೆ ಬಲಗಾಲಿಂದು ಕೇಳೋಕೆ ಒಳಗೆ ಬರಲೇಬೇಕು. ಒಂಟಿ ಚಪ್ಪಲಿ ಯಾರೂ ಕದಿಯೋದೂ ಇಲ್ಲ.”

“ಹಾಗಾದರೆ ಬಲಗಾಲಿಂದು ಅಂಗಡಿಯಲ್ಲೇ ಇತ್ತು,” ಎಂದರು ಪೋಸ್ಟ್‌ಮಾಸ್ಟರರು, ಎರಡು ವರ್ಷದ ಭಾರ ಇಳಿದವರ ದನಿಯಲ್ಲಿ.

ಅವನ ಹಿಂದೆ ದರ್ಜಿ ಬಂದ, ಛತ್ರಿಯವನು ಬಂದ. ಕ್ಯಾಂಟೀನ್ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಚಹಾದ ಆವಿ ಕಿಟಕಿಯಿಂದ ಹೋದ ದಿನವೇ ಇಡೀ ಮಹಡಿ ಕೆಳಗಿಳಿದು ಬಂದದ್ದನ್ನು ಹೇಳಿದಳು. ವೇದಿಕೆಯ ಮೆಟ್ಟಿಲಿನಿಂದ ಬಾಗಿಲವರೆಗೆ ಸಾಲು ಬೆಳೆಯಿತು. ರುಜುರಾಯರು ಹಳೆಯ ಕಾಗದ ಹಿಂದಿರುಗಿಸಿ, ಹೊಸದನ್ನು ಬರೆದುಕೊಳ್ಳಲು ಕಾಗದವಿಲ್ಲದೆ, ಆಡಳಿತಶಾಸ್ತ್ರದ ಇಪ್ಪತ್ತೆರಡು ಪುಟಗಳ ಬೆನ್ನ ಮೇಲೆ ಬರೆದರು.

ಸಾಲಿನ ಕೊನೆಯಲ್ಲಿ ಯುವ ಉಪನ್ಯಾಸಕಿ ನಿಂತಿದ್ದಳು.

“ಇವತ್ತು ಬಹುಮಾನ ಬರ್ತಿರೋದು ಮೂರನೇ ಅಧ್ಯಾಯಕ್ಕೆ. ಅದರ ಪ್ರತಿ ಪುಟದಲ್ಲೂ ಮೇಷ್ಟ್ರ ಕೈ ಇದೆ. ನಾನು ಇಲ್ಲ ಅಂತ ರುಜು ಹಾಕಿದೆ. ಬಹುಮಾನ ನನಗೆ ಕೊಡಬೇಡಿ.”

ಆಗ ಮೇಷ್ಟರು ಎದ್ದರು.

“ಮೇಡಂ, ಆ ಅಧ್ಯಾಯದ ಅಂಚಿನಲ್ಲಿ ನಾನು ನಲವತ್ತು ಪ್ರಶ್ನೆ ಬರೆದೆ,” ಎಂದರು ಡೈರೆಕ್ಟರಿಗೆ. “ನಲವತ್ತಕ್ಕೂ ಉತ್ತರ ನನಗೆ ಗೊತ್ತಿರಲಿಲ್ಲ, ಈಗಲೂ ಅರ್ಧ ಗೊತ್ತಿಲ್ಲ. ಉತ್ತರ ಎಲ್ಲಾ ಈ ಹುಡುಗಿಯದು. ಬಹುಮಾನ ಉತ್ತರಕ್ಕೆ ಕೊಡ್ತೀರೋ ಪ್ರಶ್ನೆಗೆ ಕೊಡ್ತೀರೋ?”

“ಉತ್ತರಕ್ಕೇ,” ಎಂದರು ಮೇಡಂ.

“ಹಾಗಿದ್ರೆ ತೊಂದರೆ ಏನು?” ಎಂದು ಮೇಷ್ಟರು ಮತ್ತೆ ಕೂತರು. ಉಪನ್ಯಾಸಕಿ ಬಹುಮಾನ ತೆಗೆದುಕೊಳ್ಳುವಾಗ ಅತ್ತಳು. ವಕೀಲ ನಾಲ್ಕು ಪುಸ್ತಕಗಳಲ್ಲಿ ಒಂದನ್ನೂ ತೆರೆಯಲಾಗದ ಬೇಸರದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಸಭೆ ಚದುರಿದ ಮೇಲೆ ರುಜುರಾಯರು ಬಿಲ್ಲೆ ಬಿಚ್ಚಿ ಕೈಯಲ್ಲಿ ಹಿಡಿದು ಮೇಷ್ಟರ ಮುಂದೆ ನಿಂತರು.

“ತಪ್ಪಾಯ್ತು ಸಾರ್. ಇಷ್ಟು ದಿನ ನಿಮ್ಮ ನಿದ್ದೆ ಕೆಡಿಸಿದೆ.”

“ನಿದ್ದೆ ಕೆಟ್ಟಿದ್ದು ನಿಜ,” ಎಂದರು ಮೇಷ್ಟರು. “ಆದರೆ ನನ್ನ ಬಗ್ಗೆ ನಾನೇ ಅಷ್ಟು ಯೋಚನೆ ಮಾಡಿದ್ದು ಇದೇ ಮೊದಲು. ಇರಲಿ. ಹನ್ನೊಂದು ಜನ ಸುಳ್ಳು ಹೇಳಿದ್ರಲ್ಲ, ಅದು ನಿಮಗೆ ಯಾವಾಗ ಅನುಮಾನ ಬಂತು?”

“ಬರಲಿಲ್ಲ ಸಾರ್. ಆದರೆ ಕೇಳದೆ ಇದ್ದದ್ದಕ್ಕೆ ಯಾಕೆ ಉತ್ತರ ಕೊಡ್ತಾರೆ ಅಂತ ತಲೆ ತಿನ್ನುತ್ತಲೇ ಇತ್ತು.”

ಮೇಷ್ಟರು ಅವರನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. “ಭಾನುವಾರ ಬಿಡುವಾಗಿದ್ದೀರಾ?”

ಭಾನುವಾರ ಬೆಳಿಗ್ಗೆ ಇಬ್ಬರೂ ಒಂದು ಬೀದಿಯ ಕಟ್ಟೆಯ ಮೇಲೆ ಕೂತಿದ್ದರು. ಎದುರಿಗೆ ಗಡಿಯಾರ ಮಾರುವ, ರಿಪೇರಿ ಮಾಡುವ ಅಂಗಡಿ. ಗಾಜಿನ ಹಿಂದೆ ಎಂಟು ಗಡಿಯಾರಗಳು, ಎಂಟೂ ಒಂದೇ ಸಮಯ ತೋರಿಸುತ್ತಿದ್ದವು. ಜನ ಬರುತ್ತಿದ್ದರು, ಗಾಜಿನ ಮುಂದೆ ನಿಲ್ಲುತ್ತಿದ್ದರು, ಹೋಗುತ್ತಿದ್ದರು. ಒಬ್ಬರೂ ಒಳಗೆ ಕಾಲಿಡುತ್ತಿರಲಿಲ್ಲ.

“ಇದು ನನ್ನ ಐದನೇ ಭಾನುವಾರ,” ಎಂದರು ಮೇಷ್ಟರು. “ನಿಲ್ತಾರೆ, ಹೋಗ್ತಾರೆ. ಯಾಕೆ ಅಂತ ಗೊತ್ತಾಗ್ತಿಲ್ಲ.”

ರುಜುರಾಯರು ಒಂದು ಗಂಟೆ ನೋಡಿದರು. ಕಡತವಿಲ್ಲದೆ, ಲೇಖನಿಯಿಲ್ಲದೆ ಅವರು ಅಷ್ಟು ಹೊತ್ತು ಏನನ್ನೂ ನೋಡಿದವರಲ್ಲ. ಬಂದವರ ಕಾಲು ನೋಡಿದರು, ಕೈ ನೋಡಿದರು, ಮುಖ ನೋಡಿದರು.

“ಸಾರ್,” ಎಂದರು ಕೊನೆಗೆ, ಅಳುಕುತ್ತ, “ಇವರು ಗಡಿಯಾರ ನೋಡೋಕೆ ಬರ್ತಿಲ್ಲ. ಸಮಯ ನೋಡೋಕೆ ಬರ್ತಿದ್ದಾರೆ. ನೋಡಿ, ನಿಂತವರೆಲ್ಲಾ ಹೊರಡುವಾಗ ಬಿರುಸಾಗಿ ನಡೀತಾರೆ. ಎಂಟೂ ಸರಿಯಾಗಿದೆ, ಪುಕ್ಕಟೆಯಾಗಿ ತಿಳಿಯುತ್ತೆ, ಹೋಗ್ತಾರೆ. ಎಂಟೂ ಬೇರೆ ಬೇರೆ ತೋರಿಸಿದ್ರೆ ಒಳಗೆ ಬಂದು ಕೇಳಲೇಬೇಕು.”

ಮೇಷ್ಟರು ರುಜುರಾಯರ ತೋಳು ಹಿಡಿದು ಎಬ್ಬಿಸಿ, ಬೀದಿ ದಾಟಿಸಿ, ಅಂಗಡಿಯ ಬಾಗಿಲಿಗೆ ತಂದು ನಿಲ್ಲಿಸಿದರು. “ಹೋಗಿ. ನೀವೇ ಹೇಳಿ. ನಾನು ಹೊರಗೆ ಇರ್ತೀನಿ.”

ಒಳಗೆ ಅಂಗಡಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನೋಡಿದ. “ಏನು ಬೇಕಿತ್ತು?”

“ಏನೂ ಬೇಡ,” ಎಂದರು ರುಜುರಾಯರು. “ಒಂದು ಮಾತು ಹೇಳೋಣ ಅಂತ ಬಂದೆ.”

ಮಂಗಳವಾರದಿಂದ ಆ ಬೀದಿಯಲ್ಲಿ ಯಾರಿಗೂ ಸರಿಯಾದ ಸಮಯ ತಿಳಿಯದೆ ಹೋಯಿತು. ಗಾಜಿನೆದುರು ನಿಂತು, ತಬ್ಬಿಬ್ಬಾಗಿ, ಒಳಗೆ ನುಗ್ಗಿ “ಇದರಲ್ಲಿ ಯಾವುದ್ರೀ ಸರಿ?” ಎಂದು ಕೇಳಿದವರಲ್ಲಿ ಮೊದಲನೆಯವರು ಕಾಲೇಜಿಗೆ ಅವಸರದಲ್ಲಿ ಹೊರಟಿದ್ದ ಡೈರೆಕ್ಟರ್ ಮೇಡಂ. ಹೊರಗೆ ಬರುವಾಗ ಅವರ ಕೈಯಲ್ಲಿ ಒಂದು ಹೊಸ ಗಡಿಯಾರವಿತ್ತು, ಮುಖದಲ್ಲಿ ತಾನಿದನ್ನು ಯಾಕೆ ಕೊಂಡೆ ಎಂಬ ಪ್ರಶ್ನೆಯಿತ್ತು. ಎದುರಿನ ಕಟ್ಟೆಯ ಮೇಲೆ ಇಬ್ಬರು ಹಿರಿಯರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಪತ್ರಿಕೆ ಅಲುಗಾಡುತ್ತಿತ್ತು.